ತಮಟೆ: ಬಿಟ್ಟಿಚಾಕರಿಯಿಂದ ಹೋರಾಟದ ದನಿಯವರೆಗೆ

ಕಲೆ ಮತ್ತು ಸಂಗೀತಗಳು ಯುವಜನರಲ್ಲಿ ಆತ್ಮಗೌರವವನ್ನೂ ನ್ಯಾಯಪ್ರಜ್ಞೆಯನ್ನೂ ಬೆಳೆಸುತ್ತವೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಆದರೆ ಕಲೆಯೇ ಅನ್ಯಾಯದ ಗುರುತಾಗಿರುವ ಸಂದರ್ಭಗಳೂ ಉಂಟು. ಒಂದು ವಾದ್ಯವನ್ನು ನುಡಿಸುವುದು ಒಂದು ಸಮುದಾಯದ ಮೇಲೆ ಹೊರಿಸಿದ ಕಡ್ಡಾಯದ ಚಾಕರಿಯಾಗಿದ್ದರೆ, ಅದೇ ವಾದ್ಯದ ಮೂಲಕ ಆ ಸಮುದಾಯದ ಬಿಡುಗಡೆ ಸಾಧ್ಯವೆ? ಕರ್ನಾಟಕದಲ್ಲಿ ತಮಟೆಯ ಚರಿತ್ರೆಯು ಈ ಪ್ರಶ್ನೆಯನ್ನು ನೇರವಾಗಿ ಮುಂದಿಡುತ್ತದೆ.

ದಕ್ಷಿಣ ಕರ್ನಾಟಕದಲ್ಲಿ ತಮಟೆಯೆಂದೂ ಉತ್ತರ ಕರ್ನಾಟಕದಲ್ಲಿ ಹಲಗೆ ಅಥವಾ ಹಲಗಿಯೆಂದೂ ಕರೆಯಲಾಗುವ ಈ ಚರ್ಮವಾದ್ಯಕ್ಕೆ ತೆಲುಗು ನಾಡಿನ ಡಪ್ಪು ಹಾಗೂ ತಮಿಳುನಾಡಿನ ಪರೈ ಸಮೀಪದ ಬಂಧುಗಳು. ದುಂಡನೆಯ ಬಳೆಯೊಂದರ ಒಂದೇ ಮುಖಕ್ಕೆ ಚರ್ಮವನ್ನು ಬಿಗಿದು ಇದನ್ನು ಸಿದ್ಧಪಡಿಸಲಾಗುತ್ತದೆ. ವಾದ್ಯವನ್ನು ಹೆಗಲಿಗೆ ಇಳಿಬಿಟ್ಟು, ಒಂದು ಕೈಯಲ್ಲಿ ದಪ್ಪನೆಯ ಗಿಡ್ಡ ಕೋಲನ್ನೂ ಇನ್ನೊಂದರಲ್ಲಿ ತೆಳುವಾದ ಉದ್ದ ಕಡ್ಡಿಯನ್ನೂ ಹಿಡಿದು ಬಾರಿಸುತ್ತಾರೆ. ತೇವಕ್ಕೆ ಚರ್ಮ ಸಡಿಲಗೊಳ್ಳುವುದರಿಂದ ನುಡಿಸುವ ಮುನ್ನ ಬೆಂಕಿಗೆ ಹಿಡಿದು ಕಾಯಿಸುವುದು ವಾಡಿಕೆ. ಕುಣಿತಕ್ಕೊಂದು, ಜಾತ್ರೆಗೊಂದು, ಸಾವಿಗೊಂದು ಎಂಬಂತೆ ಇದರ ಗತ್ತುಗಳು ಬೇರೆಬೇರೆ. ಊರಿನವರು ದೂರದಿಂದಲೇ ಸದ್ದನ್ನು ಕೇಳಿ ಸಂದರ್ಭವನ್ನು ತಿಳಿಯಬಲ್ಲರು.

ಇಷ್ಟು ಸಮೃದ್ಧವಾದ ಈ ಕಲೆಯನ್ನು ಬಹುಮಟ್ಟಿಗೆ ಮಾದಿಗ ಸಮುದಾಯದವರು ಉಳಿಸಿಕೊಂಡು ಬಂದಿದ್ದಾರೆ. ಆದರೆ ಗ್ರಾಮವ್ಯವಸ್ಥೆಯು ಅವರನ್ನು ಕಲಾವಿದರೆಂದು ಕಾಣಲಿಲ್ಲ. ಊರಿನಲ್ಲಿ ಡಂಗುರ ಸಾರುವುದು, ಮೇಲ್ಜಾತಿಯವರ ಶವದ ಮುಂದೆ ನಡೆಯುವುದು, ಹಬ್ಬದಲ್ಲಿ ಗಂಟೆಗಟ್ಟಲೆ ಬಾರಿಸುವುದು ಇವೆಲ್ಲ ಹುಟ್ಟಿನಿಂದ ಬಂದ ಕರ್ತವ್ಯವೆಂದು ಭಾವಿಸಲಾಯಿತು. ಪ್ರತಿಫಲವಾಗಿ ಸಿಗುತ್ತಿದ್ದುದು ಒಂದಿಷ್ಟು ಕಾಳು, ಉಳಿದ ಅನ್ನ, ಕೆಲವೊಮ್ಮೆ ಹೆಂಡ. ದೇವರ ಉತ್ಸವಕ್ಕೆ ತಮಟೆಯ ಸದ್ದು ಬೇಕು, ಬಾರಿಸುವವನು ಮಾತ್ರ ಗುಡಿಯ ಹೊಸಿಲು ದಾಟಕೂಡದು. ಬಾರಿಸಲು ಒಲ್ಲೆನೆಂದವರು ಬೈಗುಳ, ಹೊಡೆತ, ಸಾಮಾಜಿಕ ಬಹಿಷ್ಕಾರಗಳನ್ನು ಎದುರಿಸಿದ ನಿದರ್ಶನಗಳು ಸ್ವಾತಂತ್ರ್ಯಾನಂತರವೂ ನಿಲ್ಲಲಿಲ್ಲ.

ಇಂತಹ ವಂಶಪಾರಂಪರ್ಯ ಚಾಕರಿಯನ್ನು ಡಾ. ಬಿ.ಆರ್. ಅಂಬೇಡ್ಕರ್ ಅವರು ಗುಲಾಮಗಿರಿಯೆಂದೇ ಪರಿಗಣಿಸಿದ್ದರು. 1927ರ ಮಹಾಡ್ ಸಮಾವೇಶದಲ್ಲಿ ಹೀನವೆನಿಸಿದ ಪದ್ಧತಿಗಳನ್ನು ತೊರೆಯುವಂತೆ ಅವರು ಕರೆಕೊಟ್ಟರು. ಮರುವರ್ಷ ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನಿನ ಸುಧಾರಣೆಗಾಗಿ ಮಸೂದೆಯನ್ನು ಮಂಡಿಸಿದರು. ಬೆಳಗಾವಿ, ವಿಜಾಪುರ, ಧಾರವಾಡ ಜಿಲ್ಲೆಗಳು ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಈ ಪ್ರಯತ್ನಕ್ಕೂ ಕನ್ನಡ ನಾಡಿಗೂ ಸಂಬಂಧವಿದೆ. ಮುಂದೆ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು, 23ನೆಯ ವಿಧಿಯು ಬಿಟ್ಟಿಚಾಕರಿಯನ್ನು ನಿಷೇಧಿಸಿತು. ರಾಜ್ಯದಲ್ಲಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯು ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗೊಳಿಸಿತು. 1989ರ ದೌರ್ಜನ್ಯ ತಡೆ ಕಾಯ್ದೆಯು ಪರಿಶಿಷ್ಟರಿಂದ ಬಿಟ್ಟಿ ದುಡಿಸಿಕೊಳ್ಳುವುದನ್ನು ಶಿಕ್ಷಾರ್ಹ ಅಪರಾಧವನ್ನಾಗಿಸಿತು. ಬಾರಿಸೆನು ಎನ್ನುವ ಯುವಕನ ಬೆನ್ನಿಗೆ ಹೀಗೆ ಕಾನೂನು ನಿಂತಿತು. ಆದರೆ ಆ ಮಾತನ್ನು ಊರಿನ ನಡುವೆ ನಿಂತು ಆಡುವ ಧೈರ್ಯ ಕಾನೂನಿನಿಂದ ಮಾತ್ರ ಬರುವಂಥದ್ದಲ್ಲ.

ಆ ಧೈರ್ಯವನ್ನು ರೂಪಿಸಿದುದು 1970ರ ದಶಕದ ಚಳವಳಿ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರ ಹೇಳಿಕೆಯಿಂದ ಭುಗಿಲೆದ್ದ ಬೂಸಾ ಪ್ರಕರಣವು ಹಾಸ್ಟೆಲುಗಳಲ್ಲಿದ್ದ ದಲಿತ ವಿದ್ಯಾರ್ಥಿಗಳನ್ನು ಒಗ್ಗೂಡಿಸಿತು. ಕೆಲಕಾಲದಲ್ಲೇ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ಅದೇ ವರ್ಷ ಆರಂಭವಾದ ‘ಸಮುದಾಯ’ ಸಂಘಟನೆಯು 1979ರ ಜಾಥಾದ ಮೂಲಕ ಬೀದಿನಾಟಕವನ್ನು ಹಳ್ಳಿಗಳಿಗೆ ಕೊಂಡೊಯ್ದಿತು. ಪಿಚ್ಚಳ್ಳಿ ಶ್ರೀನಿವಾಸ್, ಜನ್ನಿ ಮೊದಲಾದ ಗಾಯಕರು ಹೋರಾಟದ ಹಾಡುಗಳನ್ನು ನಾಡಿನಾದ್ಯಂತ ಹಬ್ಬಿಸಿದರು.

ಈ ಹಾಡುಗಳ ರಚನೆಯೇ ಸಂಘಟನೆಗೆ ಅನುಕೂಲವಾಗಿತ್ತು ಎಂಬುದು ಗಮನಾರ್ಹ. ಒಬ್ಬರು ಹೇಳಿದ ಸಾಲನ್ನು ಗುಂಪು ಮರಳಿ ಹೇಳುವುದರಿಂದ ಅಕ್ಷರ ಬಾರದವರೂ ಕಲಿಯಬಲ್ಲವರಾದರು. ಸಭೆಯಲ್ಲಿ ಮಾತನಾಡಲು ಅಂಜುವ ಹುಡುಗನೂ ಮೇಳದಲ್ಲಿ ದನಿಗೂಡಿಸಬಲ್ಲವನಾದ. ಮೆರವಣಿಗೆಯ ಮುಂದೆ ತಮಟೆ ಬಂದಿತು. ಊರಿನ ಅಪ್ಪಣೆಯನ್ನು ಸಾರುತ್ತಿದ್ದ ವಾದ್ಯವು ಈಗ ಬಾರಿಸುವವರ ಬೇಡಿಕೆಯನ್ನೇ ಸಾರತೊಡಗಿತು.

ಆದರೂ ತಮಟೆಯ ವಿಚಾರದಲ್ಲಿ ದಲಿತ ಸಮುದಾಯದೊಳಗೆ ಒಮ್ಮತವಿರಲಿಲ್ಲ. ಅವಮಾನದ ಕುರುಹನ್ನು ಸಂಪೂರ್ಣವಾಗಿ ತ್ಯಜಿಸಬೇಕು, ಮಕ್ಕಳ ಕೈಗೆ ಕೋಲಿನ ಬದಲು ಪುಸ್ತಕ ಬರಬೇಕು ಎಂಬುದು ಒಂದು ವಾದ. ಪೂರ್ವಿಕರು ಕಟ್ಟಿದ ಕಲೆಯನ್ನು ಅವಮಾನಿಸಿದವರ ಕಾರಣಕ್ಕಾಗಿ ಕಳೆದುಕೊಳ್ಳಬಾರದು ಎಂಬುದು ಇನ್ನೊಂದು. ಇವೆರಡೂ ಪರಸ್ಪರ ವಿರುದ್ಧವಾಗಿ ತೋರಿದರೂ ಆಳದಲ್ಲಿ ಒಂದೇ ಹಕ್ಕನ್ನು ಕುರಿತು ಮಾತನಾಡುತ್ತವೆ. ಎಲ್ಲಿ, ಯಾರಿಗಾಗಿ, ಯಾವ ಸಂಭಾವನೆಗೆ ಬಾರಿಸಬೇಕೆಂದು ನಿರ್ಧರಿಸುವ ಅಧಿಕಾರ ನುಡಿಸುವವನದಾಗಿರಬೇಕು; ಬಾರಿಸದಿರುವ ಸ್ವಾತಂತ್ರ್ಯವೂ ಅದರಲ್ಲಿ ಸೇರಿದೆ. ನಿರಾಕರಿಸುವ ಹಕ್ಕು ಇಲ್ಲದಲ್ಲಿ ನುಡಿಸುವುದು ಕಲೆಯಾಗದು, ಚಾಕರಿಯಾಗಿಯೇ ಉಳಿಯುತ್ತದೆ.

ನೆರೆಯ ತಮಿಳುನಾಡಿನ ಅನುಭವವೂ ಇದನ್ನು ಸಮರ್ಥಿಸುತ್ತದೆ. ಸಾಂಪ್ರದಾಯಿಕವಾಗಿ ಪುರುಷರೇ ನುಡಿಸುತ್ತಿದ್ದ ಪರೈಯನ್ನು ದಿಂಡಿಗಲ್ಲಿನ ಶಕ್ತಿ ಕಲಾತಂಡದಲ್ಲಿ ದಲಿತ ಯುವತಿಯರು ಕಲಿತು ವೇದಿಕೆಗೆ ತಂದರು. ಜಾತಿಯ ಕಟ್ಟಳೆಯೊಂದಿಗೆ ಲಿಂಗದ ಕಟ್ಟಳೆಯನ್ನೂ ಅವರು ಮೀರಿದರು. ಕರ್ನಾಟಕದಲ್ಲಿಯೂ ಮಹಿಳೆಯರ ತಮಟೆ ತಂಡಗಳು ಕಾಣಿಸಿಕೊಂಡಿವೆ. ಕೋಲಾರದ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಸಂಗಾತಿಗಳು ಕಟ್ಟಿದ ‘ಆದಿಮ’ ಕೇಂದ್ರವು ನೆಲದ ಕಲೆಗಳನ್ನೂ ದಲಿತ ಚಿಂತನೆಯನ್ನೂ ಒಂದೆಡೆ ತಂದ ಪ್ರಯತ್ನವಾಗಿದೆ.

2023ರಲ್ಲಿ ತಮಟೆ ಕಲಾವಿದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಹಿಂದಿನ ವರ್ಷ ಸಿದ್ಧಲಿಂಗಯ್ಯನವರಿಗೆ ಅದು ಮರಣೋತ್ತರವಾಗಿ ಸಂದಿತ್ತು. ಈ ಮನ್ನಣೆಗಳು ಸ್ವಾಗತಾರ್ಹ. ಆದರೆ ವೇದಿಕೆಯ ಮೇಲೆ ಶಾಲು ಹೊದಿಸಿಕೊಂಡ ಕಲಾವಿದನು ಊರಿಗೆ ಮರಳಿದಾಗ ಹೋಟೆಲಿನಲ್ಲಿ, ಗುಡಿಯಲ್ಲಿ, ಶವಯಾತ್ರೆಯಲ್ಲಿ ಹೇಗೆ ನಡೆಸಿಕೊಳ್ಳಲ್ಪಡುತ್ತಾನೆ ಎಂಬುದೇ ನಿಜವಾದ ಅಳತೆಗೋಲು.

ಆದುದರಿಂದ ಯುವಜನರಿಗಾಗಿ ತಮಟೆ ತರಬೇತಿಯನ್ನು ಏರ್ಪಡಿಸುವ ಸಂಸ್ಥೆಗಳು ಕೆಲವು ಅಂಶಗಳನ್ನು ಗಮನಿಸಬೇಕಾಗುತ್ತದೆ. ಕಲಿಕೆ ಎಲ್ಲ ಜಾತಿಯ ಹುಡುಗ ಹುಡುಗಿಯರಿಗೂ ತೆರೆದಿರಬೇಕು. ಒಂದೇ ಕೇರಿಯ ಮಕ್ಕಳನ್ನು ಆಯ್ದು ಕಲಿಸಿದರೆ ಹಳೆಯ ಕಟ್ಟಳೆಯೇ ಹೊಸ ಹೆಸರಿನಲ್ಲಿ ಮುಂದುವರಿಯುತ್ತದೆ. ಅದೇ ವೇಳೆ ಪರಂಪರೆಯ ಕಲಾವಿದರೇ ಗುರುಗಳಾಗಿ, ಇತರ ಸಂಗೀತ ಶಿಕ್ಷಕರಿಗೆ ಸಮನಾದ ಗೌರವಧನ ಪಡೆಯಬೇಕು. ಗತ್ತುಗಳ ಜೊತೆಗೆ ವಾದ್ಯದ ಸಾಮಾಜಿಕ ಚರಿತ್ರೆಯನ್ನೂ ಹೇಳಿಕೊಡಬೇಕು. ತರಬೇತಿಯು ಶಾಲಾ ಶಿಕ್ಷಣಕ್ಕೆ ಪರ್ಯಾಯವಾಗದೆ ಅದಕ್ಕೆ ಪೂರಕವಾಗಿರಬೇಕು.

ಒಟ್ಟಿನಲ್ಲಿ, ತಮಟೆಯ ಸದ್ದು ತನ್ನಷ್ಟಕ್ಕೆ ದಾಸ್ಯವೂ ಅಲ್ಲ, ಬಿಡುಗಡೆಯೂ ಅಲ್ಲ. ಅದನ್ನು ನುಡಿಸುವ ಕೈಗೆ ಆಯ್ಕೆಯ ಸ್ವಾತಂತ್ರ್ಯ ದೊರೆತಾಗ ಮಾತ್ರ ಅದು ಸಾಮಾಜಿಕ ನ್ಯಾಯದ ದನಿಯಾಗುತ್ತದೆ. ಕಲೆಯ ಮೂಲಕ ಯುವಜನರ ಸಬಲೀಕರಣವನ್ನು ಬಯಸುವವರು ಮೊದಲು ಕಾಪಾಡಬೇಕಾದುದು ಈ ಸ್ವಾತಂತ್ರ್ಯವನ್ನು.