ಮೋತಿಗೊಂದು ಕಲ್ಲು, ಕಲ್ಲಿಗೊಂದು ಹೆಸರು!

ಹೀರೋ ಗುಂಡೇಟು ತಿಂದು ಬಿದ್ದರೂ ನಮ್ಮ ಹುಡುಗರು ಸೀಟಿ ನಿಲ್ಲಿಸುವುದಿಲ್ಲ. ‘ಏಳ್ತಾನ್ ಬಿಡಲೇ, ಇನ್ನೂ ಇಂಟರ್ವಲ್ ಆಗಿಲ್ಲ!’ ಎನ್ನುತ್ತಾರೆ. ಆದರೆ ತೆರೆಯ ಮೇಲೆ ನಾಯಿ ಕಣ್ಣು ಮುಚ್ಚಿತೋ... ಗಾಂಧಿಕ್ಲಾಸಿನಿಂದ ಬಾಲ್ಕನಿವರೆಗೆ ಗಪ್‌ಚುಪ್! 2022ರಲ್ಲಿ ಕಿರಣ್‌ರಾಜ್ ನಿರ್ದೇಶನದ ‘777 ಚಾರ್ಲಿ’ ಬಂದಾಗ ನೋಡಿದೆವಲ್ಲ? ರಕ್ಷಿತ್ ಶೆಟ್ಟಿಯವರ ಧರ್ಮ ಕಾಯಿಲೆಯ ಚಾರ್ಲಿಗೆ ಹಿಮ ತೋರಿಸಲು ದೇಶವನ್ನೇ ದಾಟಿ ಹೋದ. ಮೀಸೆ ಹೊತ್ತ ಗಂಡಸರು ಕರ್ಚೀಫು ಹುಡುಕಿದರು.

ನಮ್ಮ ಅಪ್ಪನ ಕಾಲದವರಿಗೆ 1985ರ ಹಿಂದಿ ಚಿತ್ರ ‘ತೇರಿ ಮೆಹರ್‌ಬಾನಿಯಾಂ’ ಮರೆಯದ ಚಿತ್ರ. ಕೊಲೆಯಾದ ಜಾಕಿ ಶ್ರಾಫ್ ಪರವಾಗಿ ಸೇಡು ತೀರಿಸಿಕೊಂಡದ್ದು ಮೋತಿ ಎಂಬ ನಾಯಿ! ಅಪ್ಪನ ಆ ಹುಚ್ಚಿನಿಂದಲೇ ಜಮಖಂಡಿಯ ನಮ್ಮ ಮನೆಯ ನಾಯಿಗೂ ಮೋತಿ ಎಂದೇ ಹೆಸರು ಬಿತ್ತು. ಅಪ್ಪಟ ಮುಧೋಳ ತಳಿ. ಉದ್ದ ಮೂತಿ, ಸಣ್ಣ ನಡು, ಬಿಟ್ಟರೆ ಬಾಣ!

ಈಗ ಮೋತಿಗೆ ಹನ್ನೆರಡು ತುಂಬಿದೆ. ಹಿಂಗಾಲು ಎಳೆಯುತ್ತಾನೆ. ಪಶುವೈದ್ಯರು ‘ಬಾಳ ದಿನಾ ಇಲ್ರಿ’ ಅಂದುಬಿಟ್ಟರು. ಸಿನಿಮಾದಲ್ಲಾದರೆ ‘ಶುಭಂ’ ಬಿದ್ದ ಮೇಲೆ ಎದ್ದು ಬರಬಹುದು. ಮನೆಯಲ್ಲಿ ಶುಭಂ ಆದ ಮೇಲೇ ಅಲ್ಲವೇ ನಿಜವಾದ ಪ್ರಶ್ನೆ? ಎಲ್ಲಿ ಮಲಗಿಸುವುದು? ಏನು ಗುರುತು ಇಡುವುದು?

ಮುಧೋಳ ನಾಯಿಯೆಂದರೆ ಸಾಮಾನ್ಯ ಸ್ಟಾರ್ ಅಲ್ಲ ಸ್ವಾಮಿ! ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಬೆಳೆಸಿದ ತಳಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. 2016ರಲ್ಲಿ ಸೈನ್ಯದವರು ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದರು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಸಂಶೋಧನಾ ಕೇಂದ್ರವಿದೆ. ಇಷ್ಟೆಲ್ಲ ಇದ್ದೂ ನಮ್ಮ ಗೆಳೆಯರ ಗುಂಪಿನಲ್ಲಿ ಒಂದು ಸಮಾಧಿಗೆ ಜಾಗ ಕೇಳಿ ನೋಡಿ...

ಬನಹಟ್ಟಿಯ ಗೆಳೆಯ ನೇಕಾರ. ಬಾಡಿಗೆ ಮನೆ, ಒಳಗೆ ಮಗ್ಗ, ಹೊಸ್ತಿಲು ದಾಟಿದರೆ ರಸ್ತೆ. ‘ನಮಗ ಕಾಲ ಚಾಚಾಕ ಜಾಗಾ ಇಲ್ಲೋ, ನಾಯಿಗೆಲ್ಲಿ ತರ್ಲಿ?’ ಎಂದು ನಕ್ಕ. ನಗುವಿನ ಹಿಂದೆ ಕಣ್ಣೀರಿತ್ತು. ಬೀಳಗಿಯ ಗೆಳೆಯನದು ಬೇರೆ ಕಥೆ. ಅವರಜ್ಜ ದುಡಿದ ಎತ್ತನ್ನು ಅರಿಷಿಣ ಕುಂಕುಮ ಹಚ್ಚಿ ಹೊಲದಲ್ಲೇ ಹೂಳಿದ್ದರು. ಆ ಹೊಲ ಈಗ ಆಲಮಟ್ಟಿ ಹಿನ್ನೀರಿನಡಿ! ಮುಧೋಳದ ಗೆಳೆಯನಿಗೆ ಕಬ್ಬಿನ ಹೊಲವಿದೆ. ಆದರೆ ಟ್ರ್ಯಾಕ್ಟರು ಎರಡು ಸಲ ಉತ್ತರೆ ಗುಡ್ಡೆಯೂ ಇಲ್ಲ, ಗುರುತೂ ಇಲ್ಲ.

ಇದಕ್ಕೆ ಉತ್ತರ ನನಗೆ ಸಿಕ್ಕದ್ದು ಸಾವಿರ ವರ್ಷದ ಹಿಂದಿನ ಒಂದು ಕಥೆಯಲ್ಲಿ. ಯಾವ ನಿರ್ಮಾಪಕನೂ ಬರೆಸದ ಕಥೆ ಅದು! ಮಂಡ್ಯ ಜಿಲ್ಲೆಯ ಆತಕೂರು. ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೇ ಕೃಷ್ಣನ ಪರವಾಗಿ ಗಂಗ ದೊರೆ ಬೂತುಗ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೆಡವಿದ. ಬೂತುಗನ ಕಡೆ ವೀರಾವೇಶದಿಂದ ಕಾದಿದವನು ಮಣಲೆರ. ‘ಏನು ಬೇಕೋ ಕೇಳು’ ಎಂದ ದೊರೆ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು!

ಮುಂದೆ ಆ ಕಾಳಿಯನ್ನು ಒಂದು ಭಾರಿ ಕಾಡುಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ನಾಯಿ, ಹಂದಿ ಕಾದಾಡುವ ಚಿತ್ರ ಕೆತ್ತಿಸಿದ. ಭೂಮಿ ಬಿಟ್ಟ. ಅಷ್ಟೇ ಅಲ್ಲ, ಆ ಭೂಮಿ ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಎಂದೂ ಬರೆಸಿದ! ಆ ಕಲ್ಲನ್ನು ಇಂದೂ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಸ್ತು ಸಂಗ್ರಹಾಲಯದಲ್ಲಿ ನೋಡಬಹುದು. ಕಲ್ಲು ಊರು ಬಿಟ್ಟಿದೆ, ಕಾಳಿಯ ಹೆಸರು ಮಾತ್ರ ಅಳಿದಿಲ್ಲ.

ಮಣಲೆರನ ಜಾಣತನ ನೋಡಿ ಮಿತ್ರರೇ. ಜಾಗ, ಹೆಸರು, ನೋಡಿಕೊಳ್ಳುವ ಮನುಷ್ಯ... ಮೂರನ್ನೂ ಗೊತ್ತು ಮಾಡಿದ. ಅಮೃತಶಿಲೆಯ ಗೋಪುರ ಕಟ್ಟುವ ಶಕ್ತಿ ನಮಗಿಲ್ಲ. ಈ ಮೂರು ಮಾತ್ರ ಬಡವನಿಂದಲೂ ಆಗುವಂಥವು.

ಕೆಲವು ಖಡಕ್ ಮಾತುಗಳನ್ನೂ ಹೇಳಿಬಿಡುತ್ತೇನೆ. ಕುಣಿ ಮೂರು-ನಾಲ್ಕು ಅಡಿ ಆಳ ಇರಲಿ, ಇಲ್ಲದಿದ್ದರೆ ಬೇರೆ ನಾಯಿಗಳು ಕೆದರುತ್ತವೆ. ಬಾವಿ, ಬೋರ್‌ವೆಲ್, ಹಳ್ಳದಿಂದ ದೂರ ಇರಲಿ. ಪ್ಲಾಸ್ಟಿಕ್ ಬೇಡ, ಹತ್ತಿಯ ಬಟ್ಟೆ ಸಾಕು. ಮಣ್ಣಿನಲ್ಲಿ ಬೇಗ ಬೆರೆಯುತ್ತದೆ. ಪ್ರೀತಿಯ ಹೆಸರಿನಲ್ಲಿ ಕೃಷ್ಣೆಗೋ ಘಟಪ್ರಭೆಗೋ ಕಾಲುವೆಗೋ ಬಿಡಬೇಡಿ, ಆ ನೀರು ಕುಡಿಯುವವರಿದ್ದಾರೆ. ಹುಚ್ಚುನಾಯಿ ರೋಗದ ಅನುಮಾನವಿದ್ದರೆ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ವೈದ್ಯರು ಇಂಜೆಕ್ಷನ್ ಕೊಟ್ಟು ಮಲಗಿಸಿದ್ದರಂತೂ ಆಳ ಕಡಿಮೆ ಆಗಲೇಬಾರದು. ಔಷಧ ದೇಹದಲ್ಲೇ ಇರುತ್ತದೆ, ಕೆದರಿ ತಿಂದ ಪ್ರಾಣಿಗೂ ಅಪಾಯ.

ನಮ್ಮ ಮೋತಿಯ ತೀರ್ಮಾನ ಆಗಿದೆ. ಮುಧೋಳದ ಗೆಳೆಯ ಕಬ್ಬಿನ ಹೊಲದ ನಡುವೆ ಬೇಡವೆಂದು ಬದುವಿನ ಬೇವಿನ ಮರದಡಿ ಜಾಗ ತೋರಿಸಿದ. ಅಲ್ಲಿ ಟ್ರ್ಯಾಕ್ಟರು ಹಾಯುವುದಿಲ್ಲ. ಬನಹಟ್ಟಿಯವನು ತನ್ನ ಮಗ್ಗದ ಬಟ್ಟೆ ಕೊಡುತ್ತಾನೆ. ಬೀಳಗಿಯವನು ಒಂದು ಕಲ್ಲು ತರುತ್ತಾನೆ, ಅದರ ಮೇಲೆ ‘ಮೋತಿ’ ಎಂದು ಎರಡೇ ಅಕ್ಷರ. ಹೊಲದವನದು ಒಂದೇ ಕರಾರು: ‘ಕಾರಹುಣ್ಣಿವಿಗೆ ವರ್ಷಾ ನೀ ಬರಬೇಕ್ ನೋಡಪಾ. ನಾ ನೀರ ಹಾಕ್ತೇನಿ, ನೀ ಹೂವ ತಾ.’ ಮಣಲೆರನ ಗೊರವ ನನಗೆ ಮುಧೋಳದಲ್ಲೇ ಸಿಕ್ಕ!

ನಿಮ್ಮ ಮನೆಯಲ್ಲೂ ಒಬ್ಬ ಮುದಿ ಮೋತಿ ಇದ್ದಾನೆಯೇ? ಈ ವಾರದ ಸೆಕೆಂಡ್ ಶೋ ಮುಗಿಸಿ ಬರುವಾಗ ಗೆಳೆಯರ ಹತ್ತಿರ ಒಂದು ಮಾತು ಎತ್ತಿಬಿಡಿ. ಅಳುತ್ತ ಅರ್ಧರಾತ್ರಿ ಗುದ್ದಲಿ ಹುಡುಕುವುದಕ್ಕಿಂತ, ಅವನು ಬಾಲ ಅಲ್ಲಾಡಿಸುತ್ತಿರುವಾಗಲೇ ಜಾಗ ಗೊತ್ತು ಮಾಡುವುದು ಒಳ್ಳೆಯದಲ್ಲವೇ?