ಹಂಡೆಯ ನೀರು, ತಾರಸಿಯ ಬಿಸಿಲು

ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲಿನ ಹಂಡೆಯನ್ನು ಬೆಳಗಿ, ಸುಣ್ಣ-ಕೆಮ್ಮಣ್ಣುಗಳಿಂದ ಅಲಂಕರಿಸಿ, ನೀರು ತುಂಬಿ ಪೂಜಿಸುವುದು ನಮ್ಮ ಹಿರಿಯರ ಪದ್ಧತಿ. ಆ ಹಂಡೆಯ ಒಲೆಗೆ ಸೌದೆಯೋ, ಕರಟವೋ, ತೆಂಗಿನ ಗರಿಯೋ ಏನಾದರೊಂದು ಬೇಕಾಗಿತ್ತು. ನಗರದ ಮನೆಗಳಿಂದ ಒಲೆ ಹೋಯಿತು, ಗೀಸರು ಬಂದಿತು. ಹೊಗೆ ತಪ್ಪಿತು, ಮಸಿ ತಪ್ಪಿತು. ವೆಚ್ಚ ಮಾತ್ರ ತಪ್ಪಲಿಲ್ಲ. ಅದು ಕಣ್ಣಿಗೆ ಕಾಣದಂತೆ ತಿಂಗಳ ಬಿಲ್ಲಿನೊಳಗೆ ಸೇರಿಕೊಂಡಿತು.

ಈ ವೆಚ್ಚವೆಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ಇಪ್ಪತ್ತು ಲೀಟರಿನ ಒಂದು ಬಕೆಟ್ಟು ನೀರನ್ನು ಸ್ನಾನಕ್ಕೆ ಹದವಾಗುವಷ್ಟು, ಎಂದರೆ ಸುಮಾರು 20 ಡಿಗ್ರಿ ಹೆಚ್ಚು ಬಿಸಿ ಮಾಡಲು, ಹೆಚ್ಚುಕಡಿಮೆ ಅರ್ಧ ಯೂನಿಟ್ಟು ವಿದ್ಯುತ್ತು ಬೇಕು. ನಾಲ್ವರಿರುವ ಸಂಸಾರಕ್ಕೆ ದಿನಕ್ಕೆ ಎರಡು, ತಿಂಗಳಿಗೆ 60 ಯೂನಿಟ್ಟು. 9 ವಾಟಿನ ಎಲ್‌ಇಡಿ ದೀಪವಾದರೋ ಅದೇ ಅರ್ಧ ಯೂನಿಟ್ಟಿನಲ್ಲಿ ಐವತ್ತು ಗಂಟೆಗೂ ಮೀರಿ ಉರಿಯುತ್ತದೆ! ದೀಪ ಆರಿಸಲಿಲ್ಲವೆಂದು ಮಕ್ಕಳನ್ನು ಗದರಿಸುವ ನಾವು ಗೀಸರನ್ನು ಮರೆತುಬಿಡುವುದು ವಿಚಿತ್ರವಲ್ಲವೆ?

ಬಿಸಿಗೆ ಬಿಸಿಲೇ ಸಾಕು

ನೀರನ್ನು ಬಿಸಿ ಮಾಡಲು ವಿದ್ಯುತ್ತೇ ಆಗಬೇಕೆಂಬ ನಿಯಮವಿಲ್ಲ. ಬೆಂಗಳೂರಿನ ತಾರಸಿಗಳ ಮೇಲೆ ಕಾಣುವ ಸೋಲಾರ್ ಹೀಟರು ಬಿಸಿಲನ್ನು ನೇರವಾಗಿ ನೀರಿಗೆ ಇಳಿಸುತ್ತದೆ. ಕಾದ ನೀರು ಹಗುರವಾಗಿ ಮೇಲಿನ ತೊಟ್ಟಿಗೆ ಏರುತ್ತದೆ. ತಣ್ಣೀರು ಕೆಳಗಿಳಿದು ಅದರ ಸ್ಥಳವನ್ನು ಹಿಡಿಯುತ್ತದೆ. ಮನೆಬಳಕೆಯ ಹೀಟರಿನಲ್ಲಿ ಇದಕ್ಕೆ ಸಾಮಾನ್ಯವಾಗಿ ಪಂಪೂ ಬೇಕಿಲ್ಲ. ವಿದ್ಯುತ್ತನ್ನು ಉತ್ಪಾದಿಸುವ ಸೋಲಾರ್ ಫಲಕವು ತನ್ನ ಮೇಲೆ ಬಿದ್ದ ಬಿಸಿಲಿನ ಸುಮಾರು ಐದನೆಯ ಒಂದು ಪಾಲನ್ನು ಮಾತ್ರ ವಿದ್ಯುತ್ತಾಗಿಸಬಲ್ಲುದು. ಒಳ್ಳೆಯ ಹೀಟರು ಅರ್ಧದಷ್ಟನ್ನಾದರೂ ನೀರಿಗೆ ಕೊಡುತ್ತದೆ. ಆದುದರಿಂದ ಫಲಕದ ವಿದ್ಯುತ್ತಿನಿಂದ ಗೀಸರು ನಡೆಸುವುದು ಬಳಸುದಾರಿಯೇ ಸರಿ.

ಹೀಟರನ್ನು ದಕ್ಷಿಣಕ್ಕೆ ಮುಖಮಾಡಿ ಇರಿಸಬೇಕು. ಬಿಸಿನೀರು ಹೆಚ್ಚು ಬೇಕಾಗುವ ಮಾಗಿಯಲ್ಲಿ ಸೂರ್ಯನು ದಕ್ಷಿಣದ ಕಡೆ ವಾಲಿರುತ್ತಾನಷ್ಟೆ. ಕೊಳವೆ ಬಾವಿಯ ಗಡಸು ನೀರಾದರೆ ಒಳಗೆ ಸುಣ್ಣದಂತಹ ಪದರ ಕಟ್ಟಿ ಕಾವು ಕುಗ್ಗುತ್ತದೆ. ಆಗಾಗ ಶುಚಿ ಮಾಡಿಸುವುದು ಅಗತ್ಯ. ಬಚ್ಚಲು ತೊಟ್ಟಿಗೆ ದೂರವಾದಷ್ಟೂ ಬಿಸಿನೀರು ಬರುವ ಮೊದಲು ತಣ್ಣೀರು ವ್ಯರ್ಥವಾಗುತ್ತದೆ. ಅದನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಬಟ್ಟೆ ಒಗೆಯಲು ಬರುತ್ತದೆ.

ಫಲಕ ಕೊಳ್ಳುವ ಮುನ್ನ

ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದಾಗ ಜನರು ವಿದ್ಯುತ್ತಿನ ಗಿರಾಕಿಗಳು ಮಾತ್ರ. ಇಂದು ಮನೆಯೇ ಒಂದು ಪುಟ್ಟ ವಿದ್ಯುದಾಗಾರವಾಗಬಹುದು. ಒಂದು ಕಿಲೋವಾಟಿನ ಫಲಕಗಳಿಗೆ ನೆರಳಿಲ್ಲದ ಸುಮಾರು ನೂರು ಚದರಡಿ ಜಾಗ ಬೇಕು. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟು ದೊರೆಯುತ್ತದೆ. ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟು 78,000 ರೂಪಾಯಿಗಳವರೆಗೆ ಸಹಾಯಧನವನ್ನು ಗೊತ್ತುಮಾಡಿತು.

ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಬ್ಯಾಟರಿಯಿಲ್ಲದೆ ಬೀದಿಯ ತಂತಿಗೆ ಜೋಡಿಸಿದ ಸಾಮಾನ್ಯ ಫಲಕವು ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬವೇರಿ ದುರಸ್ತಿ ಮಾಡುವವನ ಪ್ರಾಣರಕ್ಷಣೆಗಾಗಿ ಈ ಏರ್ಪಾಡು. ಎರಡನೆಯದಾಗಿ, ಪಕ್ಕದ ನಿವೇಶನದಲ್ಲಿ ಮೂರಂತಸ್ತು ಎದ್ದರೆ ನಮ್ಮ ಬಿಸಿಲು ಅದರ ನೆರಳಿನ ಪಾಲಾದೀತು.

ಕರ್ನಾಟಕದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಿಂದ ಬಿಲ್ಲೇ ಇಲ್ಲದ ಮನೆಗಳಿವೆ. ಅಂತಹವರಿಗೆ ಫಲಕದಿಂದ ಉಳಿಯುವ ಹಣ ಅಲ್ಪ. ಆದರೆ ಬಳಕೆ ತಿಂಗಳಿಗೆ 200 ಯೂನಿಟ್ಟು ಮೀರಿದರೆ ಪೂರ್ತಿ ಬಿಲ್ಲನ್ನು ತೆರಬೇಕೆಂಬುದು ಆ ಯೋಜನೆಯ ನಿಯಮ. ಮಿತಿಯ ಅಂಚಿನಲ್ಲಿರುವ ಸಂಸಾರಕ್ಕೆ ಮಾಗಿಯ ಗೀಸರೊಂದೇ ಸಾಕು, ಗೆರೆ ದಾಟಿಸಲು!

ಮೊದಲು ಉಳಿತಾಯ, ಆಮೇಲೆ ಉತ್ಪಾದನೆ

75 ವಾಟಿನ ಹಳೆಯ ಫ್ಯಾನಿಗೆ ಬದಲಾಗಿ 30 ವಾಟಿನ ಹೊಸದನ್ನು ದಿನಕ್ಕೆ ಹತ್ತು ಗಂಟೆ ತಿರುಗಿಸಿದರೆ ತಿಂಗಳಿಗೆ ಹದಿಮೂರು ಯೂನಿಟ್ಟಿಗೂ ಹೆಚ್ಚು ಉಳಿತಾಯ. ಮೊದಲು ಬಚ್ಚಲಿನ ನೀರು, ಬಳಿಕ ಫ್ಯಾನು-ದೀಪಗಳು, ಅನಂತರ ಫಲಕ: ಕ್ರಮ ಹೀಗಿರಲಿ. ಬೇಡಿಕೆ ತಗ್ಗಿದ ಮನೆಗೆ ಚಿಕ್ಕ ಫಲಕವೇ ಸಾಕು, ಸಾಲವೂ ಚಿಕ್ಕದಾಗುತ್ತದೆ. ಸ್ವಂತ ತಾರಸಿಯಿಲ್ಲದ ಬಾಡಿಗೆದಾರರೂ ಈ ಕ್ರಮದ ಎರಡನೆಯ ಮೆಟ್ಟಿಲನ್ನು ಇಂದೇ ಏರಬಹುದು.

ಸೂರ್ಯನು ಬಿಲ್ಲು ಕಳಿಸುವುದಿಲ್ಲ, ನಿಜ. ಆದರೆ ಅವನ ದಾನವನ್ನು ಹಿಡಿದಿಡುವ ಪಾತ್ರೆಗೆ ಬೆಲೆಯುಂಟು. ಪಾತ್ರೆಯ ಅಳತೆಯನ್ನು ನೆರೆಮನೆಯನ್ನು ನೋಡಿ ನಿಶ್ಚಯಿಸದೆ, ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಮನೆಮಂದಿಯೆಲ್ಲ ಕುಳಿತು ನಿಶ್ಚಯಿಸುವುದು ಲೇಸು.