ವಿರಾರ್-ಅಲಿಬಾಗ್ ಹೊರವರ್ತುಲ ಹೆದ್ದಾರಿ: ಶಿಲ್‌ಫಾಟಾಕ್ಕೆ ಬಿಡುಗಡೆ ಎಂದು?

ಡೊಂಬಿವಲಿ, ಕಲ್ಯಾಣ್ ಪರಿಸರದ ಕನ್ನಡಿಗರಿಗೆ ಶಿಲ್‌ಫಾಟಾವನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ಊರಿಗೆ ಬಸ್ಸಿನಲ್ಲಿ ಹೊರಟರೂ ಸ್ವಂತ ವಾಹನದಲ್ಲಿ ಹೊರಟರೂ ಪನ್ವೇಲ್ ತಲುಪುವ ಮುನ್ನ ಸಾಮಾನ್ಯವಾಗಿ ನಾವು ಅದನ್ನು ದಾಟಲೇಬೇಕು.

ಅಲ್ಲಿನ ದಟ್ಟಣೆಗೆ ಕಾರಣ ಭೂಗೋಳದಲ್ಲಿಯೇ ಇದೆ. ಥಾಣೆಯಿಂದ ಹೊರಟು ಮುಂಬ್ರಾ, ಪನ್ವೇಲ್, ಪುಣೆ, ಬೆಳಗಾವಿ, ಹುಬ್ಬಳ್ಳಿಗಳ ಮೂಲಕ ಬೆಂಗಳೂರಿಗೆ ಸಾಗುತ್ತಿದ್ದ ಹಳೆಯ 4ನೇ ರಾಷ್ಟ್ರೀಯ ಹೆದ್ದಾರಿಯೇ ಗುಜರಾತಿನಿಂದ ಉರಣ್ ಬಳಿಯ ಜವಾಹರಲಾಲ್ ನೆಹರೂ ಬಂದರಿಗೆ ಹೋಗುವ ಕಂಟೇನರ್ ಲಾರಿಗಳಿಗೂ ದಾರಿ. ಭಿವಂಡಿಯ ಗೋದಾಮುಗಳ ಸರಕೂ ಅದನ್ನೇ ಸೇರುತ್ತದೆ. ಒಂದೆಡೆ ಪಾರ್ಸಿಕ್ ಬೆಟ್ಟ, ಇನ್ನೊಂದೆಡೆ ಉಲ್ಹಾಸ್ ನದಿಯ ಖಾಡಿ. ಮುಂಬಯಿಯಲ್ಲಿ ಯಾವ ಕೆಲಸವೂ ಇಲ್ಲದ ಲಾರಿ, ದಿನವೂ ಕಚೇರಿಗೆ ಹೋಗುವ ನಮ್ಮವರ ವಾಹನದ ಮುಂದೆ ನಿಲ್ಲುವುದು ಹೀಗೆ.

ಇಂತಹ ವಾಹನಗಳನ್ನು ಹೊರಗಿನಿಂದಲೇ ಸಾಗಹಾಕುವುದು ವರ್ತುಲ ರಸ್ತೆಯ ಉದ್ದೇಶ. ಆದರೆ ಮುಂಬಯಿಗೆ ಪಶ್ಚಿಮದಲ್ಲಿ ಕಡಲು. ಪೂರ್ಣ ವರ್ತುಲ ಇಲ್ಲಿ ಸಾಧ್ಯವಿಲ್ಲ. ಆದ್ದರಿಂದ ಉತ್ತರದ ವಿರಾರ್‌ನಿಂದ ಭಿವಂಡಿ, ಕಲ್ಯಾಣ್, ಡೊಂಬಿವಲಿ, ಪನ್ವೇಲ್ ಪರಿಸರವನ್ನು ಬಳಸಿ ದಕ್ಷಿಣದ ಅಲಿಬಾಗ್‌ವರೆಗೆ ಸುಮಾರು 126 ಕಿ.ಮೀ. ಉದ್ದದ ಬಿಲ್ಲಿನಾಕಾರದ ಮಾರ್ಗವನ್ನು ಎಂ.ಎಂ.ಆರ್.ಡಿ.ಎ. ಯೋಜಿಸಿತು. ನಡುವೆ ಮೆಟ್ರೋಗೂ ಸ್ಥಳ ಮೀಸಲು. ಅನಂತರ ಯೋಜನೆಯು ಮಹಾರಾಷ್ಟ್ರ ರಾಜ್ಯ ರಸ್ತೆ ಅಭಿವೃದ್ಧಿ ನಿಗಮದ ಕೈಸೇರಿತು. ಮೊದಲ ಹಂತ ವಸಯಿ ತಾಲೂಕಿನ ನವಘರ್‌ನಿಂದ ಪೇಣ್ ತಾಲೂಕಿನ ಬಳಾವಲಿಯವರೆಗೆ.

ಯೋಜನೆ ಹುಟ್ಟಿ ದಶಕ ಕಳೆದಿದೆ. ಭೂಸ್ವಾಧೀನವೇ ದೊಡ್ಡ ತೊಡಕು. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್ ಕಥೆಯೂ ಬೇರೆಯಲ್ಲ: 2007ರಲ್ಲಿ ಅಂತಿಮ ಅಧಿಸೂಚನೆಯಾದ ಮೇಲೂ ವರ್ಷಗಟ್ಟಲೆ ಅಲ್ಲಿನ ರೈತರಿಗೆ ಪರಿಹಾರವೂ ಸಿಗಲಿಲ್ಲ, ಜಮೀನನ್ನು ಮಾರುವ ಸ್ವಾತಂತ್ರ್ಯವೂ ಉಳಿಯಲಿಲ್ಲ. ರಸ್ತೆಗಾಗಿ ಕಾಯುವ ನಾವು ಜಮೀನು ಕೊಡುವವರ ಪಾಡನ್ನು ಮರೆಯುವುದು ನ್ಯಾಯವಲ್ಲ.

ಈ ನಡುವೆ ಚಿಕ್ಕ ಕೆಲಸಗಳೇ ಹೆಚ್ಚು ಉಪಕರಿಸಿವೆ ಎಂಬುದು ನಮ್ಮ ಅಭಿಪ್ರಾಯ. 2024ರಲ್ಲಿ ತೆರೆದ ಮೋಠಾಗಾಂವ್-ಮಾಣ್ಕೋಲಿ ಸೇತುವೆಯಿಂದ ಡೊಂಬಿವಲಿಯವರು ಥಾಣೆಗೆ ಹೋಗಲು ಶಿಲ್‌ಫಾಟಾವನ್ನಾಗಲೀ ಕಲ್ಯಾಣವನ್ನಾಗಲೀ ಸುತ್ತಬೇಕಿಲ್ಲ. ಪಾರ್ಸಿಕ್ ಬೆಟ್ಟವನ್ನು ಸುರಂಗದಲ್ಲಿ ದಾಟುವ ಐರೋಲಿ-ಕಾಟಯಿ ನಾಕಾ ರಸ್ತೆಯಿಂದ ನವಿ ಮುಂಬಯಿಗೂ ಅಂತಹದೇ ಅನುಕೂಲವನ್ನು ನಿರೀಕ್ಷಿಸಲಾಗಿದೆ.

ಮಕ್ಕಳಿಗೆಂದು ಮನೆ ನೋಡುತ್ತಿರುವ ಬಂಧುಗಳಲ್ಲಿ ಒಂದು ವಿನಂತಿ. ಬಿಲ್ಡರುಗಳ ಜಾಹೀರಾತಿನಲ್ಲಿ ಕಾಣುವ ಹೆದ್ದಾರಿ ಸದ್ಯ ನಕ್ಷೆಯ ಗೆರೆ ಮಾತ್ರ. ಇಂದಿರುವ ರಸ್ತೆ ಮತ್ತು ರೈಲು ನಿಲ್ದಾಣವನ್ನು ನೋಡಿಯೇ ಬೆಲೆ ಕಟ್ಟುವುದು ಕ್ಷೇಮ. ಗೆರೆ ಆ ಜಮೀನಿನ ಪಕ್ಕದಲ್ಲಿ ಹಾಯುತ್ತದೆಯೋ, ಅದರ ಮೇಲೆಯೇ ಹಾಯುತ್ತದೆಯೋ ಎಂಬುದನ್ನೂ ವಿಕಾಸ ಯೋಜನೆಯ ನಕ್ಷೆಯಲ್ಲಿ ವಿಚಾರಿಸಿಕೊಳ್ಳಬೇಕು.